ಕಾದವರೇ ಕಾಯಿಸಿದರು

ಪ್ರತಿ ತಿಂಗಳೂ ಒಂದು ದಿನ ನ್ಯೂಜೆರ್ಸಿಯ ನಮ್ಮ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಬ್ಬದ ಶುಭಾಶಯಗಳೂ ಮಕ್ಕಳ ಭರತನಾಟ್ಯದ ವಿಡಿಯೊಗಳೂ ಬದಿಗೆ ಸರಿದು ಒಂದು ಕೋಷ್ಟಕದ ಚಿತ್ರ ಹರಿದಾಡುತ್ತದೆ. ಅದು ಅಮೆರಿಕದ ವಿದೇಶಾಂಗ ಇಲಾಖೆ ಹೊರಡಿಸುವ ವೀಸಾ ಬುಲೆಟಿನ್. ಭಾರತದ ಹೆಸರಿನ ಕೆಳಗೆ ಒಂದು ದಿನಾಂಕ ಇರುತ್ತದೆ. ಉದ್ಯೋಗದ ಮೇಲೆ ಬಂದ ಹೆಚ್ಚಿನವರ ಪಾಲಿಗೆ ಅದು ಹತ್ತು ವರ್ಷಕ್ಕೂ ಹಿಂದಿನದು. ಗ್ರೀನ್ ಕಾರ್ಡಿಗೆ, ಅಂದರೆ ಇಲ್ಲೇ ಕಾಯಂ ನೆಲೆಸುವ ಪರವಾನಗಿಗೆ, ಅದಕ್ಕೆ ಮೊದಲು ಅರ್ಜಿ ಹಾಕಿದವರ ಸರದಿ ಬಂದಿದೆ ಎಂದು ಅರ್ಥ, ಉಳಿದವರು ಕಾಯಬೇಕು. "ಎರಡು ವಾರ ಮುಂದೆ ಹೋಗಿದೆ" ಎಂದು ಒಬ್ಬರು ಬರೆಯುತ್ತಾರೆ. "ಈ ಸಲವೂ ಅಲ್ಲೇ ನಿಂತಿದೆ" ಎಂದು ಮತ್ತೊಬ್ಬರು. ಈ ವರ್ಷ ನಮ್ಮ ಆಪ್ತ ಕುಟುಂಬವೊಂದರ ಮಗಳಿಗೆ ಇಪ್ಪತ್ತೊಂದು ತುಂಬಿತು. ಮೂರು ವರ್ಷದವಳಿದ್ದಾಗ ಮೈಸೂರಿನಿಂದ ಬಂದ ಹುಡುಗಿ. ಅಪ್ಪನ ಸರದಿ ಬರುವ ಮೊದಲೇ ಅವಳು ಕಾನೂನಿನ ಕಣ್ಣಿಗೆ ದೊಡ್ಡವಳಾಗಿಬಿಟ್ಟಳು. ಇನ್ನು ಅಪ್ಪನ ಅರ್ಜಿಯಲ್ಲಿ ಅವಳಿಗೆ ಜಾಗವಿಲ್ಲ. ವಿದೇಶಿ ವಿದ್ಯಾರ್ಥಿಯೆಂದು ಬೇರೆ ವೀಸಾ ಪಡೆಯಬೇಕು, ಇಲ್ಲವೇ ತಾನು ನೆನಪಿಟ್ಟುಕೊಳ್ಳದ ಊರಿಗೆ ಹೊರಡಬೇಕು.

ಈ ಸಾಲನ್ನು ಶಪಿಸುವುದು ಸುಲಭ. ನಾವೆಲ್ಲ ಶಪಿಸುತ್ತೇವೆ, ಅದಕ್ಕೆ ಕಾರಣಗಳೂ ಇವೆ. ಆದರೆ ಬಹಳ ದಿನಗಳಿಂದ ನನ್ನನ್ನು ಕಾಡುತ್ತಿರುವ ವಿಷಯ ಬೇರೆ. ಈ ಬಾಗಿಲನ್ನು ತೆರೆದವರು ಯಾರೆಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಇಲ್ಲಿನ ಕನ್ನಡ ಕೂಟಗಳ ಒಕ್ಕೂಟವಾದ 'ಅಕ್ಕ'ದ ಸಮ್ಮೇಳನಗಳ ವೇದಿಕೆಯಲ್ಲಿ ಅಮೆರಿಕದ ಅಧ್ಯಕ್ಷರ ಹೆಸರುಗಳು ಬರುತ್ತವೆ, ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರು ಬರುತ್ತದೆ, ಗಾಂಧೀಜಿಯ ಹೆಸರಂತೂ ಬಂದೇ ಬರುತ್ತದೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಇಮ್ಯಾನ್ಯುಯೆಲ್ ಸೆಲ್ಲರ್ ಎಂಬ ಹೆಸರನ್ನು ನಾನು ಅಲ್ಲಿ ಒಮ್ಮೆಯೂ ಕೇಳಿಲ್ಲ. ಭಾರತೀಯರಿಗೆ ಈ ದೇಶದ ಪೌರತ್ವ ಸಿಗುವಂತೆ ಮಾಡಿದ 1946ರ ಕಾನೂನಿಗೂ, ನಮ್ಮ ವೈದ್ಯರೂ ಎಂಜಿನಿಯರುಗಳೂ ಬರಲು ದಾರಿ ಮಾಡಿದ 1965ರ ಕಾನೂನಿಗೂ ಅವರ ಹೆಸರೇ ಅಂಟಿಕೊಂಡಿದೆ. ಅವರ ಬಗ್ಗೆ ಓದುತ್ತ ಹೋದಂತೆ ನನ್ನಲ್ಲಿ ಮೊದಲು ಕೃತಜ್ಞತೆ ಹುಟ್ಟಿತು, ಆಮೇಲೆ ಒಂದು ಸಿಟ್ಟೂ ಹುಟ್ಟಿತು. ಎರಡೂ ಇನ್ನೂ ಇವೆ.

1923ರಲ್ಲಿ ಬಂದವರು

ಸೆಲ್ಲರ್ ಹುಟ್ಟಿದ್ದು 1888ರ ಮೇ 6ರಂದು, ಬ್ರೂಕ್ಲಿನ್‌ನಲ್ಲೇ. ಅಪ್ಪನದು ವಿಸ್ಕಿಯ ವ್ಯಾಪಾರ. ಅದು ಮುಳುಗಿದ ಮೇಲೆ ಅಪ್ಪ ಮನೆಮನೆಗೆ ಹೋಗಿ ದ್ರಾಕ್ಷಾರಸ ಮಾರುತ್ತಿದ್ದರು. ಮಗ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದ ಹೊತ್ತಿಗೆ ಅವರು ತೀರಿಕೊಂಡರು. ಬೆಳಿಗ್ಗೆ ತರಗತಿ, ಮಧ್ಯಾಹ್ನ ಅಪ್ಪನ ಗಿರಾಕಿಗಳ ಮನೆ ಎಂದು ಹುಡುಗ ಓದು ಮುಗಿಸಿದ. ಕಾನೂನು ಪದವಿ 1912ರಲ್ಲಿ, ಮದುವೆ 1914ರಲ್ಲಿ. 1922ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಅಮೆರಿಕದ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಗೆ ಗೆದ್ದು, 1923ರ ಮಾರ್ಚ್‌ನಿಂದ ಸದಸ್ಯರಾದರು. ಹಾರ್ಡಿಂಗ್ ಅಧ್ಯಕ್ಷರಾಗಿದ್ದಾಗ ಒಳಗೆ ಬಂದ ಅವರು ಹೊರಗೆ ಹೋದದ್ದು ನಿಕ್ಸನ್ ಕಾಲದಲ್ಲಿ, 1973ರ ಜನವರಿಯಲ್ಲಿ. ಐವತ್ತು ವರ್ಷಕ್ಕೆ ಎರಡು ತಿಂಗಳು ಕಡಿಮೆ.

1923 ಎಂಬ ಆ ವರ್ಷವನ್ನು ಓದುಗರು ಸ್ವಲ್ಪ ಗಮನದಲ್ಲಿಡಬೇಕು. ಸೆಲ್ಲರ್ ಸದಸ್ಯರಾಗುವ ಎರಡು ವಾರ ಮೊದಲು, ಫೆಬ್ರವರಿ 19ರಂದು, ಅಮೆರಿಕದ ಸುಪ್ರೀಂ ಕೋರ್ಟ್ ಭಗತ್ ಸಿಂಗ್ ಥಿಂಡ್ ಅವರ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಪಂಜಾಬಿನ ಸಿಖ್ಖರು ಅವರು. ಕಾನೂನಿನ ಪ್ರಕಾರ ಅವರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದಿತು ನ್ಯಾಯಾಲಯ. ಆಗಲೇ ಪೌರರಾಗಿದ್ದ ಹಲವು ಭಾರತೀಯರ ಪೌರತ್ವವನ್ನೂ ಸರ್ಕಾರ ಕಿತ್ತುಕೊಂಡಿತು. ಅದೇ ವರ್ಷದ ಕೊನೆಯಲ್ಲಿ ಕಾಂಗ್ರೆಸ್ಸಿನಲ್ಲಿ, ಅಂದರೆ ಅಮೆರಿಕದ ಸಂಸತ್ತಿನಲ್ಲಿ, ಇನ್ನೊಂದು ಮಸೂದೆ ಮೊದಲ ಬಾರಿ ಮಂಡನೆಯಾಯಿತು. ಗಂಡಸರಿಗೂ ಹೆಂಗಸರಿಗೂ ಕಾನೂನಿನಲ್ಲಿ ಸಮಾನ ಹಕ್ಕು ಎಂದು ಸಂವಿಧಾನಕ್ಕೆ ಸೇರಿಸಬೇಕೆನ್ನುವ ತಿದ್ದುಪಡಿ ಅದು. ವಲಸೆಗಾರರ ಹಕ್ಕು, ಹೆಂಗಸರ ಹಕ್ಕು, ಈ ಹೊಸ ಸದಸ್ಯ, ಮೂರೂ ಒಂದೇ ವರ್ಷದಲ್ಲಿ ಒಂದೇ ಕಟ್ಟಡದ ಹೊಸ್ತಿಲಿಗೆ ಬಂದಿದ್ದವು.

ಮರುವರ್ಷ ವಲಸೆಯ ಕಾನೂನು ಬಂತು. 1890ರ ಜನಗಣತಿಯಲ್ಲಿ ಯಾವ ದೇಶದವರು ಎಷ್ಟಿದ್ದರೋ ಅದರ ನೂರಕ್ಕೆ ಎರಡರಷ್ಟು ಜನರಿಗೆ ಮಾತ್ರ ಪ್ರತಿವರ್ಷ ಪ್ರವೇಶ ಎಂಬುದು ಅದರ ಲೆಕ್ಕ. 1924ರಲ್ಲಿ ಕುಳಿತು 1890ರ ಪಟ್ಟಿ ಹುಡುಕಿದ್ದು ಸುಮ್ಮನೆ ಅಲ್ಲ. ಇಟಲಿ, ಪೋಲೆಂಡ್, ರಷ್ಯಾಗಳಿಂದ ಕ್ಯಾಥೊಲಿಕರೂ ಯಹೂದಿಗಳೂ ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1890ರ ನಂತರ. ಹಾಗಾಗಿ ಜರ್ಮನಿಗೆ ವರ್ಷಕ್ಕೆ 51,227 ಸ್ಥಾನ ಸಿಕ್ಕಿತು, ಇಟಲಿಗೆ 3,845. ಏಷ್ಯಾದವರಿಗೆ ಆ ಚೂರೂ ಇಲ್ಲ; ಪೌರತ್ವಕ್ಕೆ ಅರ್ಹರಲ್ಲದವರು ಬರುವಂತೆಯೇ ಇಲ್ಲ ಎಂದು ಬರೆದು ಮುಗಿಸಿದರು. ಸದನದಲ್ಲಿ ಸೆಲ್ಲರ್ ಮಾಡಿದ ಮೊದಲ ದೊಡ್ಡ ಭಾಷಣ ಈ ಮಸೂದೆಯ ವಿರುದ್ಧ. ಅವರ ಕ್ಷೇತ್ರದ ಬೀದಿಗಳಲ್ಲಿದ್ದವರೇ ಆ ಯಹೂದಿಗಳು, ಆ ಇಟಾಲಿಯನ್ನರು. ಭಾಷಣದಿಂದ ಏನೂ ಆಗಲಿಲ್ಲ. ಮಸೂದೆ ಭಾರಿ ಬಹುಮತದಿಂದ ಪಾಸಾಯಿತು. ಅಲ್ಲಿಂದ ಅವರು ಕಾಯಲು ಶುರುಮಾಡಿದರು.

ಕಚೇರಿಗೆ ಬಂದ ರಬ್ಬಿ

1953ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಸೆಲ್ಲರ್ ಒಂದು ಘಟನೆಯನ್ನು ಬರೆದಿದ್ದಾರೆ. ಎರಡನೇ ಮಹಾಯುದ್ಧದ ದಿನಗಳು. ಗಡ್ಡ ಬಿಟ್ಟ ಒಬ್ಬ ವೃದ್ಧ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಕಚೇರಿಗೆ ಬರುತ್ತಾರೆ. ಯುರೋಪಿನಲ್ಲಿ ಲಕ್ಷಲಕ್ಷ ಜನರನ್ನು ಕೊಲ್ಲುತ್ತಿದ್ದಾರೆ, ಕೆಲವರನ್ನಾದರೂ ಉಳಿಸಲಾಗುವುದಿಲ್ಲವೇ, ನೀವು ಏನಾದರೂ ಮಾಡಲಾರಿರಾ ಎಂದು ಅವರು ಕೇಳುತ್ತಾರೆ. ಸೆಲ್ಲರ್ ಕೊಡುವ ಉತ್ತರ ಅಧಿಕಾರದ ಕಚೇರಿಗಳಲ್ಲಿ ನಾವೆಲ್ಲ ಕೇಳಿರುವಂಥದು: ಅಧ್ಯಕ್ಷ ರೂಸ್‌ವೆಲ್ಟ್ ಅವರಿಗೆ ಸಹಾನುಭೂತಿ ಇದೆ, ಆದರೆ ಸೈನಿಕರನ್ನೂ ಯುದ್ಧ ಸಾಮಗ್ರಿಯನ್ನೂ ಸಾಗಿಸುವ ಹಡಗುಗಳನ್ನು ಬೇರೆ ಕೆಲಸಕ್ಕೆ ಬಿಡಲಾಗುವುದಿಲ್ಲ. ಇಷ್ಟು ದನಗಳನ್ನು ಕಡಿದಿದ್ದರೂ ಜಗತ್ತು ಇದಕ್ಕಿಂತ ಹೆಚ್ಚು ಗಮನ ಕೊಡುತ್ತಿತ್ತು, ಏನಾದರೊಂದು ದಾರಿ ಹುಡುಕುತ್ತಿತ್ತು, ಇವರು ಮನುಷ್ಯರು ಎನ್ನುತ್ತಾರೆ ಮುದುಕರು. ಅಳುತ್ತಾರೆ.

ನಾನು ಆ ಪುಟವನ್ನು ಮತ್ತೆ ಮತ್ತೆ ಓದಿದ್ದೇನೆ. ಇಲ್ಲಿ ಸೆಲ್ಲರ್ ತಮ್ಮನ್ನು ಒಳ್ಳೆಯವರೆಂದು ತೋರಿಸಿಕೊಂಡಿಲ್ಲ. ತಾವು ತಪ್ಪಿಸಿಕೊಳ್ಳಲು ನೋಡಿದ್ದನ್ನೂ ಎದುರಿನವರು ಅದನ್ನು ಬಿಡದೆ ಹಿಡಿದದ್ದನ್ನೂ ಇದ್ದ ಹಾಗೆ ಬರೆದಿದ್ದಾರೆ. ನಿರಾಶ್ರಿತರಿಗಾಗಿ ವಲಸೆಯ ಕೋಟಾಗಳನ್ನು ಸಡಿಲಿಸಬೇಕೆಂದು ಅವರು ಆ ವರ್ಷಗಳಲ್ಲಿ ಪ್ರಯತ್ನ ಮಾಡಿದ್ದು ನಿಜ, ಅವು ಸೋತದ್ದೂ ನಿಜ. ಆದರೆ ಕಾಯುವುದಕ್ಕೆ ಒಬ್ಬೊಬ್ಬರು ಕೊಡುವ ಬೆಲೆ ಒಂದೇ ಅಲ್ಲ ಎಂಬುದು ಅವರಿಗೆ ಆ ದಿನ ಎದುರಾಎದುರೇ ತಿಳಿಯಿತು. ಸದಸ್ಯನಾದವನು ಮುಂದಿನ ಅಧಿವೇಶನದ ತನಕ ಕಾಯಬಲ್ಲ, ಅದು ಅವನ ಕೆಲಸದ ಭಾಗ. ಆ ಮುದುಕರು ಯಾರ ಪರವಾಗಿ ಕೇಳುತ್ತಿದ್ದರೋ ಅವರಿಗೆ ಮುಂದಿನ ಅಧಿವೇಶನ ಎಂಬುದು ಇರಲಿಲ್ಲ.

ಯುದ್ಧ ಮುಗಿಯುವ ಹೊತ್ತಿಗೆ ಒಂದು ಸಣ್ಣ ಬಾಗಿಲು ತೆರೆಯಿತು. ಚೀನೀಯರ ಮೇಲಿದ್ದ ನಿಷೇಧವನ್ನು 1943ರಲ್ಲೇ ತೆಗೆದಿದ್ದರು. ಜಪಾನಿನ ಪ್ರಚಾರಕ್ಕೆ ಉತ್ತರ ಕೊಡಬೇಕಾದರೆ ಏಷ್ಯಾದವರನ್ನು ಅವಮಾನಿಸುವ ಕಾನೂನನ್ನು ಇಟ್ಟುಕೊಂಡು ಕೂರಲಾಗುವುದಿಲ್ಲ ಎಂಬ ವಾದ ವಾಷಿಂಗ್ಟನ್ನಿನಲ್ಲಿ ನಡೆಯುತ್ತಿತ್ತು. ಇಂಡಿಯಾ ಲೀಗ್‌ನ ಜೆ.ಜೆ. ಸಿಂಗ್ ಮೊದಲಾದವರು ಸದಸ್ಯರ ಬಾಗಿಲು ತಟ್ಟಿ ತಟ್ಟಿ ಚಪ್ಪಲಿ ಸವೆಸಿದರು. ರಿಪಬ್ಲಿಕನ್ ಪಕ್ಷದ ಕ್ಲೇರ್ ಬೂತ್ ಲೂಸ್ ಮತ್ತು ಸೆಲ್ಲರ್ ಕೈಜೋಡಿಸಿದ ಕಾನೂನಿಗೆ ಟ್ರೂಮನ್ 1946ರ ಜುಲೈ 2ರಂದು ಸಹಿ ಹಾಕಿದರು. ಭಾರತಕ್ಕೆ ವರ್ಷಕ್ಕೆ ನೂರು ಸ್ಥಾನ. ಇಡೀ ಭಾರತಕ್ಕೆ, ನೂರು! ಆದರೆ ಅದರ ಜೊತೆಗೇ ಪೌರತ್ವದ ಹಕ್ಕೂ ಬಂತು. ಕ್ಯಾಲಿಫೋರ್ನಿಯಾದಲ್ಲಿ ಗಣಿತದ ಪಿಎಚ್‌.ಡಿ. ಪಡೆದೂ ಸ್ವಂತ ಹೆಸರಿನಲ್ಲಿ ಜಮೀನು ಕೊಳ್ಳಲಾಗದೆ ಬೇಸಾಯ ಮಾಡುತ್ತಿದ್ದ ದಲೀಪ್ ಸಿಂಗ್ ಸೌಂದ್ ಅವರು 1949ರಲ್ಲಿ ಪೌರರಾದರು, 1956ರಲ್ಲಿ ಅದೇ ಪ್ರತಿನಿಧಿ ಸಭೆಗೆ ಗೆದ್ದುಬಂದರು. ಕಾನೂನೊಂದು ಏನು ಮಾಡಬಲ್ಲದು ಎಂಬುದಕ್ಕೆ ನನಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅಧ್ಯಕ್ಷರ ಕುರ್ಚಿ

1949ರಲ್ಲಿ ಸೆಲ್ಲರ್ ನ್ಯಾಯಾಂಗ ಸಮಿತಿಯ ಅಧ್ಯಕ್ಷರಾದರು. ರಿಪಬ್ಲಿಕನ್ನರಿಗೆ ಬಹುಮತವಿದ್ದ ಎರಡು ವರ್ಷ ಬಿಟ್ಟರೆ 1973ರವರೆಗೂ ಆ ಕುರ್ಚಿ ಅವರದೇ. ಆ ಕುರ್ಚಿಯ ಬಲ ಏನೆಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾಗರಿಕ ಹಕ್ಕು, ವಲಸೆ, ಸಂವಿಧಾನದ ತಿದ್ದುಪಡಿ, ಏಕಸ್ವಾಮ್ಯ ಕಂಪನಿಗಳ ನಿಯಂತ್ರಣ, ಎಲ್ಲ ಮಸೂದೆಗಳೂ ಮೊದಲು ಆ ಸಮಿತಿಗೆ ಬರಬೇಕು. ಯಾವುದರ ವಿಚಾರಣೆ ಯಾವಾಗ ಎಂದು ನಿರ್ಧರಿಸುವವರು ಅಧ್ಯಕ್ಷರು. ಇಷ್ಟವಿಲ್ಲದ ಮಸೂದೆಯನ್ನು ಸೋಲಿಸಬೇಕಾಗಿಯೇ ಇಲ್ಲ. ವಿಚಾರಣೆಗೆ ದಿನ ಕೊಡದಿದ್ದರೆ ಸಾಕು, ಅದು ಕಡತದಲ್ಲೇ ಕೊಳೆಯುತ್ತದೆ.

ಈ ಕುರ್ಚಿಯಲ್ಲಿ ಕುಳಿತು ಅವರು ಮಾಡಿದ ಕೆಲಸ ದೊಡ್ಡದು. 1957, 1960, 1964, 1968ರ ನಾಗರಿಕ ಹಕ್ಕುಗಳ ಕಾನೂನುಗಳು, 1965ರ ಮತದಾನದ ಹಕ್ಕಿನ ಕಾನೂನು ಎಲ್ಲವೂ ಅವರ ಕೈಯಿಂದ ದಾಟಿಹೋದವು. 1964ರದಂತೂ ಸಾಹಸದ ಕತೆ. ಕಪ್ಪುಜನರಿಗೆ ಹೋಟೆಲು, ಶಾಲೆ, ಉದ್ಯೋಗಗಳ ಬಾಗಿಲು ತೆರೆಯುವ ಆ ಮಸೂದೆ ಸೆಲ್ಲರ್ ಅವರ ಸಮಿತಿ ದಾಟಿ, ಮಸೂದೆಗಳು ಸದನದ ಚರ್ಚೆಗೆ ಬರುವುದನ್ನು ನಿರ್ಧರಿಸುವ ನಿಯಮಾವಳಿ ಸಮಿತಿಗೆ ಹೋಯಿತು. ಅಲ್ಲಿನ ಅಧ್ಯಕ್ಷರು ವರ್ಜೀನಿಯಾದ ಹೋವರ್ಡ್ ಸ್ಮಿತ್. ಅವರು ಅದರ ಮೇಲೆ ಕುಳಿತುಬಿಟ್ಟರು. ಆಗ 1963ರ ಡಿಸೆಂಬರ್‌ನಲ್ಲಿ ಸೆಲ್ಲರ್ ಒಂದು ಅಪರೂಪದ ಅಸ್ತ್ರ ತೆಗೆದರು: ಸದನದ ಅರ್ಧಕ್ಕಿಂತ ಹೆಚ್ಚು ಮಂದಿ, ಅಂದರೆ 218 ಸದಸ್ಯರು, ಸಹಿ ಹಾಕಿದರೆ ಮಸೂದೆಯನ್ನು ಸಮಿತಿಯ ಹಿಡಿತದಿಂದ ಬಿಡಿಸಿಕೊಳ್ಳುವ ಅರ್ಜಿ. ಸಹಿಗಳು ಕೂಡುತ್ತಿರುವುದನ್ನು ಕಂಡು ಸ್ಮಿತ್ ಜನವರಿಯಲ್ಲಿ ವಿಚಾರಣೆ ಆರಂಭಿಸಿದರು. ಫೆಬ್ರವರಿ 10ರಂದು ಪ್ರತಿನಿಧಿ ಸಭೆ 290–130 ಮತಗಳಿಂದ ಅದನ್ನು ಅಂಗೀಕರಿಸಿತು. ಒಬ್ಬ ಅಧ್ಯಕ್ಷ ಇಡೀ ಸದನವನ್ನು ಕಾಯಿಸುವುದು ಅನ್ಯಾಯ ಎಂಬುದು ಅಂದು ಸೆಲ್ಲರ್ ಅವರ ನಿಲುವಾಗಿತ್ತು. ಇದನ್ನು ಮರೆಯಬಾರದು, ಮುಂದೆ ಬೇಕಾಗುತ್ತದೆ.

ವಲಸೆಯ ವಿಷಯದಲ್ಲಿ ಅವರ ದಾರಿ ಇನ್ನೂ ಉದ್ದ. 1952ರಲ್ಲಿ ಕಾಂಗ್ರೆಸ್ ಹೊಸ ವಲಸೆ ಕಾನೂನು ಮಾಡಿತು. 1924ರ ಕೋಟಾಗಳನ್ನು ಹಾಗೇ ಉಳಿಸಿಕೊಂಡಿತು. ಭಾರತಕ್ಕೆ ಅದೇ ನೂರು. ತಂದೆತಾಯಿ ಏಷ್ಯಾದವರಾದರೆ ಲಂಡನ್ನಿನಲ್ಲಿ ಹುಟ್ಟಿದವರನ್ನೂ ಏಷ್ಯಾದ ಲೆಕ್ಕಕ್ಕೇ ಸೇರಿಸಬೇಕೆಂಬ ನಿಯಮವೂ ಅದರಲ್ಲಿತ್ತು. ಸೆಲ್ಲರ್ ವಿರೋಧಿಸಿದರು, ಟ್ರೂಮನ್ ತಮ್ಮ ವೀಟೊ ಅಧಿಕಾರ ಬಳಸಿದರು, ಕಾಂಗ್ರೆಸ್ ಅದನ್ನೂ ಮೀರಿ ಪಾಸು ಮಾಡಿತು. ಆ ಕಾನೂನಿನ ಕರ್ತೃಗಳಲ್ಲಿ ಒಬ್ಬರಾದ ಫ್ರಾನ್ಸಿಸ್ ವಾಲ್ಟರ್ ಸೆಲ್ಲರ್ ಅವರ ಸಮಿತಿಯೊಳಗೇ ವಲಸೆ ಉಪಸಮಿತಿಯ ಮುಖ್ಯಸ್ಥರಾಗಿದ್ದರು. ತಮ್ಮ ಸಮಿತಿಯಲ್ಲೇ ತಮಗೆ ಬೇಕಾದ ಮಸೂದೆ ಅಲುಗಾಡದೆ ಬಿದ್ದಿರುವುದನ್ನು ಸೆಲ್ಲರ್ 1963ರಲ್ಲಿ ವಾಲ್ಟರ್ ತೀರಿಕೊಳ್ಳುವವರೆಗೂ ನೋಡಬೇಕಾಯಿತು. ಆಮೇಲೆ ಬಂದ ಮೈಕೆಲ್ ಫೀಗನ್ ಅವರೂ ಸುಲಭಕ್ಕೆ ಬಗ್ಗಲಿಲ್ಲ. ಕೋಟಾ ಹೋಗುವುದಾದರೆ ಹೋಗಲಿ, ಇಲ್ಲಿ ಈಗಾಗಲೇ ಇರುವವರ ಬಂಧುಗಳಿಗೆ ಹೆಚ್ಚಿನ ಸ್ಥಾನ ಇರಲಿ ಎಂದು ಅವರು ಪಟ್ಟು ಹಿಡಿದರು. ಇರುವವರು ಹೆಚ್ಚಾಗಿ ಯುರೋಪಿನ ಮೂಲದವರು, ಅವರ ಬಂಧುಗಳೂ ಯುರೋಪಿನವರೇ ಎಂಬುದು ಅದರ ಹಿಂದಿನ ಎಣಿಕೆ.

1965ರ ಆಗಸ್ಟ್ 25ರಂದು ಸದನ 318–95 ಮತಗಳಿಂದ ಆ ಕೋಟಾಗಳನ್ನು ತೆಗೆಯುವ ಮಸೂದೆಯನ್ನು ಒಪ್ಪಿತು. ಮೇಲ್ಮನೆಯಾದ ಸೆನೆಟ್‌ನಲ್ಲಿ ಅದನ್ನು ಮಂಡಿಸಿದವರು ಮಿಷಿಗನ್‌ನ ಫಿಲಿಪ್ ಹಾರ್ಟ್. ಅಕ್ಟೋಬರ್ 3ರಂದು ಲಿಬರ್ಟಿ ದ್ವೀಪದಲ್ಲಿ, ಆ ದೊಡ್ಡ ಪ್ರತಿಮೆಯ ಅಡಿಯಲ್ಲಿ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದರು. ಸೆಲ್ಲರ್ ಅವರಿಗೆ ಆಗ ಎಪ್ಪತ್ತೇಳು ವರ್ಷ. ಮೊದಲ ಭಾಷಣ ಮಾಡಿ ನಲವತ್ತೊಂದು ವರ್ಷವಾಗಿತ್ತು.

ಅಂದು ಯಾರಿಗೂ ತಾವು ಏನು ಮಾಡುತ್ತಿದ್ದೇವೆ ಎಂಬುದು ಪೂರ್ತಿ ತಿಳಿದಿರಲಿಲ್ಲ. ಇದು ಕ್ರಾಂತಿಕಾರಿ ಮಸೂದೆಯಲ್ಲ ಎಂದು ಜಾನ್ಸನ್ ಸಹಿ ಹಾಕುವಾಗ ಹೇಳಿದರು. ಏಷ್ಯಾ, ಆಫ್ರಿಕಾದವರಿಗೆ ಇಲ್ಲಿ ಬಂಧುಗಳು ಕಡಿಮೆ, ಆದ್ದರಿಂದ ಅಲ್ಲಿಂದ ಬರುವವರೂ ಕಡಿಮೆಯೇ ಎಂದು ಸ್ವತಃ ಸೆಲ್ಲರ್ ಸದನದಲ್ಲಿ ಭರವಸೆ ಕೊಟ್ಟಿದ್ದರು. ವಿರೋಧಿಗಳನ್ನು ಸಮಾಧಾನಪಡಿಸಲು ಹಾಗೆಂದರೋ, ಮನಸ್ಸಿನಲ್ಲೂ ಅದೇ ಇತ್ತೋ, ನಾನು ಅವರ ಪರವಾಗಿ ತೀರ್ಮಾನಿಸಲಾರೆ. ಪೂರ್ವಾರ್ಧಗೋಳಕ್ಕೆ ಒಟ್ಟು 1,70,000 ಸ್ಥಾನ, ಯಾವ ದೇಶಕ್ಕೂ 20,000ಕ್ಕಿಂತ ಹೆಚ್ಚಿಲ್ಲ. ಅದರಲ್ಲಿ ನೂರಕ್ಕೆ ಹತ್ತು ವೃತ್ತಿಪರರಿಗೆ. ಆ ಹತ್ತರ ಸಂದಿನಲ್ಲಿ ನಮ್ಮವರು ಬಂದರು. ಮೈಸೂರು, ಮಣಿಪಾಲ, ಬೆಂಗಳೂರಿನ ವೈದ್ಯರು, ಸುರತ್ಕಲ್‌ನಲ್ಲಿ ಓದಿದ ಎಂಜಿನಿಯರುಗಳು. ಅವರು ಬಂದ ಮೇಲೆ ಫೀಗನ್ ಅವರ ಬಂಧುಗಳ ನಿಯಮವೇ ನಮ್ಮ ತಮ್ಮ ತಂಗಿಯರನ್ನೂ ಅಪ್ಪ ಅಮ್ಮಂದಿರನ್ನೂ ಕರೆಸಿತು. 1960ರಲ್ಲಿ ಈ ದೇಶದಲ್ಲಿದ್ದ ಭಾರತ ಸಂಜಾತರು ಸುಮಾರು 12,000. ಈಗ ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು.

ದೇಶಕ್ಕೆ ಇಷ್ಟೇ ಎಂಬ ಆ ಮಿತಿಯ ವಂಶದಲ್ಲೇ ಹುಟ್ಟಿದ್ದು ವರ್ಷದ ಒಟ್ಟು ಸ್ಥಾನಗಳಲ್ಲಿ ಯಾವ ದೇಶಕ್ಕೂ ನೂರಕ್ಕೆ ಏಳಕ್ಕಿಂತ ಹೆಚ್ಚಿಲ್ಲ ಎಂಬ ಇಂದಿನ ಮಿತಿ. ಅದನ್ನು 1990ರಲ್ಲಿ ನಿಗದಿ ಮಾಡಿದರು. 1965ರಲ್ಲಿ ಎಲ್ಲ ದೇಶಕ್ಕೂ ಒಂದೇ ಮಿತಿ ಎಂಬುದು ಸಮಾನತೆಯ ಮಾತಾಗಿತ್ತು, ಜರ್ಮನಿಗೂ ಇಟಲಿಗೂ ನಡುವಿನ ಆ ಅಸಹ್ಯ ಅಂತರವನ್ನು ಅಳಿಸುವ ಮಾತು. ಐಸ್‌ಲೆಂಡಿಗೂ ಭಾರತಕ್ಕೂ ಒಂದೇ ಅಳತೆ ಹಿಡಿದಾಗ ಅದೇ ಮಾತು ಸಾಲಾಗಿ ಬೆಳೆಯಿತು. ಉದ್ಯೋಗದ ಗ್ರೀನ್ ಕಾರ್ಡುಗಳಿಗೆ ಈ ಮಿತಿಯನ್ನು ತೆಗೆಯುವ ಮಸೂದೆಯನ್ನು ಪ್ರತಿನಿಧಿ ಸಭೆ 2019ರ ಜುಲೈನಲ್ಲಿ 365–65 ಮತಗಳಿಂದ ಪಾಸು ಮಾಡಿತು. ಸೆನೆಟ್ 2020ರ ಡಿಸೆಂಬರ್‌ನಲ್ಲಿ ಬೇರೊಂದು ರೂಪದಲ್ಲಿ ಒಪ್ಪಿತು. ಎರಡನ್ನೂ ಹೊಂದಿಸುವ ಮೊದಲೇ ಆ ಕಾಂಗ್ರೆಸ್ಸಿನ ಅವಧಿ ಮುಗಿಯಿತು.

ದೊಡ್ಡಮ್ಮ ಹೇಳಿದ್ದು

ನನ್ನ ದೊಡ್ಡಪ್ಪ 1970ರಲ್ಲಿ ವೈದ್ಯರಾಗಿ ಬ್ರೂಕ್ಲಿನ್‌ಗೆ ಬಂದರು, ಅದೇ ವೃತ್ತಿಪರರ ಸಾಲಿನಲ್ಲಿ. ಮರುವರ್ಷ ದೊಡ್ಡಮ್ಮ ಬಂದರು. ಮೈಸೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದವರು ಅವರು. ಇಲ್ಲಿಯೂ ಒಂದು ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಸೆಲ್ಲರ್ ಬಗ್ಗೆ ಓದಿದ ಉತ್ಸಾಹದಲ್ಲಿ ನಾನೊಂದು ಭಾನುವಾರ ಅವರ ಮನೆಗೆ ಹೋಗಿ, ನೀವು ಇಲ್ಲಿಗೆ ಬರಲು ಕಾರಣರಾದವರು ನಿಮ್ಮ ಬ್ರೂಕ್ಲಿನ್‌ನವರೇ ಎಂದು ವಿವರಿಸಿದೆ. ದೊಡ್ಡಪ್ಪ ಆಸಕ್ತಿಯಿಂದ ಕೇಳಿದರು. ಆ ಕಾಲದಲ್ಲಿ ಆಸ್ಪತ್ರೆಯ ರಾತ್ರಿ ಪಾಳಿ ಬಿಟ್ಟರೆ ತನಗೆ ಬೇರೇನೂ ಗೊತ್ತಿರಲಿಲ್ಲ ಎಂದರು. ದೊಡ್ಡಮ್ಮ ಹುರುಳಿಕಾಯಿ ಸೋಸುತ್ತ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು.

"ಅವರು ಹೆಂಗಸರಿಗೆ ಏನಾದರೂ ಮಾಡಿದರಾ?" ಎಂದರು, ತಲೆ ಎತ್ತದೆ.

"ಯಾಕೆ ದೊಡ್ಡಮ್ಮ?"

"ಮೊದಲ ಸಂಬಳ ಬಂದಾಗ ಬ್ಯಾಂಕಿನಲ್ಲಿ ಒಂದು ಸಣ್ಣ ಸಾಲ ಕೇಳಲು ಹೋಗಿದ್ದೆ. ನನ್ನ ಸಂಬಳದ ಚೀಟಿ ತೋರಿಸಿದೆ. ಗಂಡನ ಸಹಿ ತನ್ನಿ ಎಂದರು. ನನ್ನ ಕೆಲಸ, ನನ್ನ ದುಡ್ಡು ಎಂದೆ. ನೀವು ನಾಳೆ ಬಸುರಿಯಾದರೆ ಕೆಲಸ ಬಿಡುತ್ತೀರಿ, ಆಗ ಯಾರನ್ನು ಕೇಳೋಣ ಎಂದ ಆ ಹುಡುಗ. ಮೈಸೂರಿನಲ್ಲಿ ನನ್ನ ಪಾಠ ಕೇಳುತ್ತಿದ್ದ ಹುಡುಗರಿಗಿಂತ ಚಿಕ್ಕವನು. ನಿನ್ನ ದೊಡ್ಡಪ್ಪ ಸಹಿ ಹಾಕುತ್ತೇನೆ ಎಂದರು. ಬೇಡ ಅಂದೆ. ಸಾಲವೂ ಬೇಡ ಅಂದೆ."

ಸಾಲ ಕೊಡುವಾಗ ಹೆಂಗಸು, ವಿವಾಹಿತೆ ಎಂಬ ಕಾರಣಕ್ಕೆ ಭೇದ ಮಾಡಬಾರದೆಂಬ ಕಾನೂನು ಅಮೆರಿಕದಲ್ಲಿ ಬಂದದ್ದು 1974ರಲ್ಲಿ. ಅದಕ್ಕೆ ಮೊದಲು ದೊಡ್ಡಮ್ಮನಿಗೆ ಆದದ್ದು ಸಾಮಾನ್ಯ ಸಂಗತಿ. ಅವರ ಪ್ರಶ್ನೆಗೆ ಉತ್ತರ ಹುಡುಕಲು ಹೊರಟಾಗಲೇ ನನಗೆ ಇನ್ನೊಬ್ಬ ಸೆಲ್ಲರ್ ಎದುರಾದದ್ದು. 1923ರಲ್ಲಿ ಮಂಡನೆಯಾಗಿತ್ತೆಂದೆನಲ್ಲ, ಆ ಸಮಾನ ಹಕ್ಕುಗಳ ತಿದ್ದುಪಡಿ, ಅದೂ ನ್ಯಾಯಾಂಗ ಸಮಿತಿಗೇ ಬರಬೇಕಾದದ್ದು. ಸೆನೆಟ್ 1950ರಲ್ಲಿ ಒಮ್ಮೆ, 1953ರಲ್ಲಿ ಒಮ್ಮೆ, ಅದನ್ನು ದುರ್ಬಲಗೊಳಿಸುವ ಒಂದು ಷರತ್ತಿನೊಂದಿಗಾದರೂ, ಪಾಸು ಮಾಡಿತ್ತು. ಪ್ರತಿನಿಧಿ ಸಭೆಯಲ್ಲಿ ಅದು ಮತಕ್ಕೇ ಬರಲಿಲ್ಲ. ಸೆಲ್ಲರ್ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದಕ್ಕೆ ಒಂದು ವಿಚಾರಣೆಯ ದಿನವನ್ನೂ ಕೊಡಲಿಲ್ಲ.

ಅವರ ಕಾರಣವನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಕಾರ್ಖಾನೆಗಳಲ್ಲಿ ಹೆಂಗಸರ ದುಡಿಮೆಯ ಗಂಟೆಗೆ ಮಿತಿ, ರಾತ್ರಿ ಪಾಳಿಗೆ ಅಂಕೆ, ಭಾರ ಎತ್ತುವುದಕ್ಕೆ ತಡೆ, ಇಂಥ ರಕ್ಷಣೆಯ ಕಾನೂನುಗಳನ್ನು ಕಾರ್ಮಿಕ ಸಂಘಟನೆಗಳು ಹೋರಾಡಿ ಗಳಿಸಿದ್ದವು. ಸಂಪೂರ್ಣ ಸಮಾನತೆ ಎಂದು ಸಂವಿಧಾನದಲ್ಲಿ ಬರೆದರೆ ಅವೆಲ್ಲ ಬಿದ್ದುಹೋಗುತ್ತವೆ ಎಂಬ ಭಯ ಕಾರ್ಮಿಕ ಸಚಿವೆಯಾಗಿದ್ದ ಫ್ರಾನ್ಸಿಸ್ ಪರ್ಕಿನ್ಸ್, ಅಧ್ಯಕ್ಷರ ಪತ್ನಿಯಾಗಿದ್ದ ಎಲಿನಾರ್ ರೂಸ್‌ವೆಲ್ಟ್ ಅವರಂಥ ಮಹಿಳೆಯರಿಗೂ ಬಹುಕಾಲ ಇತ್ತು. ಕಾರ್ಮಿಕರ ಕ್ಷೇತ್ರದಿಂದ ಬಂದ ಉದಾರವಾದಿ ಸದಸ್ಯನೊಬ್ಬ 1930ರಲ್ಲಿ, 1950ರಲ್ಲಿ ಕೂಡ, ಪ್ರಾಮಾಣಿಕವಾಗಿ ಹಾಗೆ ಯೋಚಿಸಬಹುದಾಗಿತ್ತು. ಆದರೆ 1964ರ ನಾಗರಿಕ ಹಕ್ಕುಗಳ ಕಾನೂನು ಉದ್ಯೋಗದಲ್ಲಿ ಲಿಂಗಭೇದವನ್ನು ನಿಷೇಧಿಸಿದ ಮೇಲೆ ನ್ಯಾಯಾಲಯಗಳು ಆ ರಕ್ಷಣೆಯ ಕಾನೂನುಗಳನ್ನು ಒಂದೊಂದಾಗಿ ಕೆಳಗಿಳಿಸತೊಡಗಿದವು. ಕಾರಣ ಸತ್ತುಹೋಗಿತ್ತು, ಹಟ ಉಳಿದಿತ್ತು.

ಅದರಲ್ಲೂ ಲಿಂಗ ಎಂಬ ಪದ 1964ರ ಕಾನೂನಿಗೆ ಸೇರಿದ ದಿನದ ಚರ್ಚೆಯನ್ನು ಓದಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಫೆಬ್ರವರಿ 8, ಶನಿವಾರ. ಸೇರಿಸಬೇಕೆಂದವರು ಮಸೂದೆಯ ಕಡುವಿರೋಧಿಯಾದ ಅದೇ ಹೋವರ್ಡ್ ಸ್ಮಿತ್. ಮಸೂದೆಗೆ ಅಪಾಯವಾಗಬಹುದೆಂದು ಸೆಲ್ಲರ್ ವಿರೋಧಿಸಿದರು, ಆ ಎಚ್ಚರ ನನಗೆ ಅರ್ಥವಾಗುತ್ತದೆ. ಆದರೆ ಎದ್ದು ನಿಂತು ಅವರು ಹೇಳಿದ್ದು, ನಲವತ್ತೊಂಬತ್ತು ವರ್ಷದ ದಾಂಪತ್ಯದಲ್ಲಿ ಕೊನೆಯ ಮಾತು ಯಾವಾಗಲೂ ನನ್ನದೇ, ಆ ಮಾತು "ಆಯಿತಮ್ಮ" ಎಂಬುದು, ಎಂದು. ಸದನ ನಕ್ಕಿತು. ಮಿಷಿಗನ್‌ನ ಸದಸ್ಯೆ ಮಾರ್ಥಾ ಗ್ರಿಫಿತ್ಸ್ ಎದ್ದರು. ಹೆಂಗಸರು ಈ ದೇಶದಲ್ಲಿ ಎರಡನೇ ದರ್ಜೆಯವರು ಎಂಬುದಕ್ಕೆ ಬೇರೆ ಪುರಾವೆ ಬೇಕಿದ್ದರೆ ಈ ನಗುವೇ ಸಾಕು ಎಂದರು. ಆ ಒಂದು ಪದ 168–133ರಲ್ಲಿ ಗೆದ್ದಿತು. ನನ್ನ ದೊಡ್ಡಮ್ಮನಿಗೆ ಏಳೆಂಟು ವರ್ಷದ ನಂತರ ಸಿಕ್ಕ ಕೆಲಸದ ಹಿಂದೆ ಆ ಪದವೂ ಇತ್ತು.

ಗ್ರಿಫಿತ್ಸ್ ಮರೆಯಲಿಲ್ಲ. 1970ರಲ್ಲಿ ಅವರು ಸಮಾನ ಹಕ್ಕುಗಳ ತಿದ್ದುಪಡಿಯನ್ನು ಸಮಿತಿಯಿಂದ ಬಿಡಿಸಿಕೊಳ್ಳುವ ಅರ್ಜಿ ಹಾಕಿದರು. ಸ್ಮಿತ್ ವಿರುದ್ಧ ಸೆಲ್ಲರ್ ಎತ್ತಿದ್ದ ಅದೇ ಅಸ್ತ್ರ, ಈಗ ಸೆಲ್ಲರ್ ವಿರುದ್ಧ. ಒಬ್ಬೊಬ್ಬ ಸದಸ್ಯರನ್ನೇ ಹಿಡಿದು ನಿಲ್ಲಿಸಿ 218 ಸಹಿ ಕೂಡಿಸಿದರು. ಆಗಸ್ಟ್ 10ರಂದು ಒಂದು ಗಂಟೆಯ ಚರ್ಚೆಯ ನಂತರ ಸದನ 352–15ರಲ್ಲಿ ಅದನ್ನು ಒಪ್ಪಿತು. ಈ ಅಂಕಿಯನ್ನು ನೋಡಿ. ಸದನದಲ್ಲಿ ವಿರೋಧವೇ ಇರಲಿಲ್ಲ. ಇದ್ದದ್ದು ಒಬ್ಬ ಮನುಷ್ಯನ ಬೀಗ. ಸೆಲ್ಲರ್ ಆ ದಿನವೂ ಗಂಡು ಹೆಣ್ಣಿನ ಸ್ವಭಾವದ ವ್ಯತ್ಯಾಸದ ಬಗ್ಗೆ ತಮಾಷೆಯ ಉಪಮೆಗಳನ್ನು ಹೇಳುತ್ತಿದ್ದರು.

ಇಲ್ಲಿಯೇ ನಾನು ಬಹಳ ದಿನ ತಡವರಿಸಿದ್ದು. ಕಾಯುವುದೆಂದರೆ ಏನೆಂದು ಅವರಿಗೆ ಗೊತ್ತಿಲ್ಲದಿದ್ದರೆ ಬೇರೆ ಮಾತು. ವಾಲ್ಟರ್ ತಮ್ಮ ಮಸೂದೆಯ ಮೇಲೆ ಕುಳಿತದ್ದನ್ನು ಕಂಡವರು, ಸ್ಮಿತ್ ಎದುರು ಸಹಿ ಕೂಡಿಸಿದವರು, ಆ ರಬ್ಬಿಯ ಅಳುವನ್ನು ಕಣ್ಣಾರೆ ಕಂಡು ಬರೆದಿಟ್ಟವರು. ಬೇಕೆಂದೇ ಕ್ರೂರಿಯಾದವರಲ್ಲ. ನಾನು ತಲುಪಿದ ತೀರ್ಮಾನ ಇಷ್ಟು: ಅವರನ್ನು ನಲವತ್ತೊಂದು ವರ್ಷ ಒಂದೇ ಮಾತಿಗೆ ಅಂಟಿಸಿ ನಿಲ್ಲಿಸಿದ ಗುಣವೇ ಇನ್ನೊಂದು ಮಾತನ್ನು ಮರುವಿಚಾರಿಸಲು ಬಿಡಲಿಲ್ಲ. 1924ರ ಯೌವನದಲ್ಲಿ ತೆಗೆದುಕೊಂಡ ನಿಲುವುಗಳಲ್ಲಿ ಒಂದು ಕಾಲಕ್ಕಿಂತ ಮುಂದಿತ್ತು, ಇನ್ನೊಂದು ಹಿಂದೆ ಬಿತ್ತು. ಎರಡನ್ನೂ ಅವರು ಸಮಾನ ನಿಷ್ಠೆಯಿಂದ ಕಾಪಾಡಿಕೊಂಡರು. ವಲಸೆಗಾರರ ಅಳಲು ಅವರ ಕ್ಷೇತ್ರದ, ಅವರ ಸಮುದಾಯದ ಅಳಲು. ಅದು ಕಚೇರಿಗೆ ನಡೆದು ಬರುತ್ತಿತ್ತು. ಹೆಂಗಸರ ಅಳಲು ಅವರ ಕಿವಿಗೆ ಮನೆಯ ಮಾತಿನ ಹಾಗೆ ಕೇಳಿಸಿತು, ನಕ್ಕು ಮುಗಿಸಬಹುದಾದದ್ದು.

ಹೋಲ್ಟ್ಸ್‌ಮನ್

1972ರಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಡೆಮಾಕ್ರಟಿಕ್ ಪ್ರಾಥಮಿಕ ಚುನಾವಣೆಯಲ್ಲಿ ಸೆಲ್ಲರ್ ಎದುರು ನಿಂತವರು ಎಲಿಜಬೆತ್ ಹೋಲ್ಟ್ಸ್‌ಮನ್. ಬ್ರೂಕ್ಲಿನ್‌ನವರೇ, ರಷ್ಯಾದಿಂದ ವಲಸೆ ಬಂದ ತಾಯಿಯ ಮಗಳು, ಹಾರ್ವರ್ಡ್‌ನಲ್ಲಿ ಕಾನೂನು ಓದಿದವರು, ಇನ್ನೂ ಮೂವತ್ತು ವರ್ಷ. ದುಡ್ಡಿರಲಿಲ್ಲ. ರೈಲು ನಿಲ್ದಾಣಗಳ ಬಾಗಿಲಲ್ಲಿ, ಸಿನಿಮಾ ಟಿಕೆಟಿನ ಸಾಲುಗಳಲ್ಲಿ ಜನರ ಕೈಹಿಡಿದು ಮಾತಾಡಿಸುತ್ತಿದ್ದರು. ವಿಯೆಟ್ನಾಂ ಯುದ್ಧವನ್ನು ಸೆಲ್ಲರ್ ಬೆಂಬಲಿಸಿದ್ದು, ಸಮಾನ ಹಕ್ಕುಗಳ ತಿದ್ದುಪಡಿಯನ್ನು ತಡೆದದ್ದು, ಕ್ಷೇತ್ರದ ಜನರಿಂದ ದೂರವಾದದ್ದು, ಇವು ಅವರ ಮಾತುಗಳು. ಹಲ್ಲುಕಡ್ಡಿಯೊಂದು ವಾಷಿಂಗ್ಟನ್ ಸ್ಮಾರಕವನ್ನು ಉರುಳಿಸಹೊರಟಂತಿದೆ ಎಂದರು ಎಂಬತ್ತನಾಲ್ಕರ ಸೆಲ್ಲರ್. ಜೂನ್‌ನಲ್ಲಿ ಸುಮಾರು ಆರು ನೂರು ಮತಗಳಿಂದ ಅವರು ಸೋತರು.

ಹೋಲ್ಟ್ಸ್‌ಮನ್ ಅವರಿಗೆ ಸಿಕ್ಕ ಸಮಿತಿ ನ್ಯಾಯಾಂಗ ಸಮಿತಿಯೇ. 1974ರಲ್ಲಿ ನಿಕ್ಸನ್ ಮೇಲಿನ ಮಹಾಭಿಯೋಗದ ವಿಚಾರಣೆಯಲ್ಲಿ ಅವರು ಕುಳಿತಿದ್ದರು. 1978ರಲ್ಲಿ, ಜನಾಂಗ, ಧರ್ಮಗಳ ಕಾರಣಕ್ಕೆ ಜನರನ್ನು ಹಿಂಸಿಸಿದ ನಾಜಿಗಳು ಯುದ್ಧದ ನಂತರ ಅಮೆರಿಕಕ್ಕೆ ಬಂದು ನೆಲೆಸಿದ್ದರೆ ಅವರನ್ನು ಹೊರಹಾಕುವ ತಿದ್ದುಪಡಿ ತಂದರು. ಸೆಲ್ಲರ್ ಕಚೇರಿಯಲ್ಲಿ ಅತ್ತ ರಬ್ಬಿಯ ಜನರಿಗೆ ತೆರೆಯದ ಬಾಗಿಲು ಅವರನ್ನು ಕೊಂದವರಲ್ಲಿ ಕೆಲವರಿಗೆ ತೆರೆದಿತ್ತು ಎಂಬುದು ನನಗೆ ಈ ಇಡೀ ಕತೆಯಲ್ಲಿ ಅತ್ಯಂತ ಕಹಿಯಾದ ಸಂಗತಿ. ಮುಂದೆ ಹೋಲ್ಟ್ಸ್‌ಮನ್ ಅವರೇ ವಲಸೆ ಉಪಸಮಿತಿಯ ಅಧ್ಯಕ್ಷೆಯಾದರು. 1980ರ ನಿರಾಶ್ರಿತರ ಕಾನೂನನ್ನು ಸೆನೆಟ್‌ನ ಎಡ್ವರ್ಡ್ ಕೆನಡಿ ಜೊತೆ ರೂಪಿಸಿದವರು ಅವರು. ಕಮ್ಯುನಿಸ್ಟ್ ದೇಶಗಳಿಂದ ಅಥವಾ ಮಧ್ಯಪ್ರಾಚ್ಯದಿಂದ ಓಡಿಬಂದವರಿಗಷ್ಟೇ ಇದ್ದ ನಿರಾಶ್ರಿತರ ಸ್ಥಾನ ಅದರಿಂದ ಎಲ್ಲ ದೇಶದವರಿಗೂ ತೆರೆಯಿತು. ಸೆಲ್ಲರ್ ಆಗ ಇನ್ನೂ ಬದುಕಿದ್ದರು. ಮರುವರ್ಷದ ಜನವರಿ 15ರಂದು ತೀರಿಕೊಂಡರು, ತೊಂಬತ್ತೆರಡನೆಯ ವಯಸ್ಸಿನಲ್ಲಿ.

ಸಮಾನ ಹಕ್ಕುಗಳ ತಿದ್ದುಪಡಿ 1972ರ ಮಾರ್ಚ್‌ನಲ್ಲಿ ಸೆನೆಟ್ ದಾಟಿ ರಾಜ್ಯಗಳ ಒಪ್ಪಿಗೆಗೆ ಹೋಗಿತ್ತು. ಮೊದಲ ವರ್ಷದಲ್ಲೇ ಇಪ್ಪತ್ತೆರಡು ರಾಜ್ಯಗಳು ಒಪ್ಪಿದವು. ಅಷ್ಟರಲ್ಲಿ ವಿರೋಧ ಸಂಘಟಿತವಾಯಿತು, ವೇಗ ಕುಂದಿತು. ಏಳು ವರ್ಷದ ಗಡುವು ಮುಗಿಯುತ್ತ ಬಂದಾಗ ಅದನ್ನು 1982ರ ಜೂನ್ 30ರವರೆಗೆ ವಿಸ್ತರಿಸುವ ಮಸೂದೆ ತಂದವರೂ ಹೋಲ್ಟ್ಸ್‌ಮನ್. ಬೇಕಿದ್ದದ್ದು ಮೂವತ್ತೆಂಟು ರಾಜ್ಯ, ಗಡುವು ಮುಗಿದಾಗ ಇದ್ದದ್ದು ಮೂವತ್ತೈದು. 1970ರಲ್ಲಿ 352–15ರಲ್ಲಿ ಒಪ್ಪಿದ ಸದನಕ್ಕೆ ನಾಲ್ಕೈದು ವರ್ಷ ಮೊದಲು, ನಾಗರಿಕ ಹಕ್ಕುಗಳ ಅಲೆ ಇನ್ನೂ ಎತ್ತರದಲ್ಲಿದ್ದಾಗ, ವಿರೋಧಿಗಳು ಒಟ್ಟುಗೂಡುವ ಮುಂಚೆ, ಒಂದು ವಿಚಾರಣೆಯ ದಿನ ಸಿಕ್ಕಿದ್ದರೆ ಆ ಮೂರು ರಾಜ್ಯಗಳು ಸಿಗುತ್ತಿದ್ದವು ಎಂದು ನಾನು ನಂಬುತ್ತೇನೆ. ಆ ದಿನ ಕೊಡುವುದು ಸೆಲ್ಲರ್ ಒಬ್ಬರ ಕೈಯಲ್ಲಿತ್ತು. ದೊಡ್ಡಮ್ಮನ ಪ್ರಶ್ನೆಗೆ ನಾನು ಫೋನಿನಲ್ಲಿ ಕೊಟ್ಟ ಉತ್ತರವೂ ಇದೇ. ನಿಮ್ಮನ್ನು ಇಲ್ಲಿಗೆ ಕರೆಸಿದವರು ಅವರೇ, ಆ ಬ್ಯಾಂಕಿನ ಹುಡುಗನಿಗೆ ಅಷ್ಟು ಧೈರ್ಯ ಬರಲು ಬಿಟ್ಟವರಲ್ಲಿಯೂ ಅವರೊಬ್ಬರು ಎಂದೆ. "ಅಂದರೆ ಅವರ ಮೇಲೆ ಬರೆಯುವುದಾದರೆ ಎರಡನ್ನೂ ಬರೆ" ಎಂದರು ದೊಡ್ಡಮ್ಮ.